ಕ್ಯಾಂಪರ್ ನಿರ್ಮಾಣಕ್ಕೆ ಹಳೆಯ ಟ್ರೈಲರ್ ಚೌಕಟ್ಟು: ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಜೀಪು ಅಥವಾ ದೊಡ್ಡ ಕಾರಿನ ಹಿಂದೆ ಜೋಡಿಸಿ ಎಳೆದೊಯ್ಯಬಹುದಾದ, ಮಲಗುವುದಕ್ಕೂ ಅಡುಗೆ ಮಾಡುವುದಕ್ಕೂ ಅನುಕೂಲವುಳ್ಳ ಪುಟ್ಟ ಗಾಡಿಯನ್ನು ಕ್ಯಾಂಪರ್ ಟ್ರೈಲರ್ ಎಂದು ಕರೆಯುತ್ತಾರೆ. ಫ್ಯಾಬ್ರಿಕೇಶನ್ ಉದ್ಯಮದಲ್ಲಿರುವ ಸದಸ್ಯ ಬಾಂಧವರು ಸ್ವಂತ ಉಪಯೋಗಕ್ಕಾಗಿಯೋ ಹೋಂಸ್ಟೇ ಮಾಲೀಕರ ಬೇಡಿಕೆಯ ಮೇರೆಗೋ ಇಂತಹ ಗಾಡಿಯನ್ನು ತಾವೇ ನಿರ್ಮಿಸಲು ಮುಂದಾಗುವುದುಂಟು. ವೆಚ್ಚ ಉಳಿಸಲು ಹೊಳೆಯುವ ಮೊದಲ ಉಪಾಯವೆಂದರೆ ಹಳೆಯ ಟ್ರೈಲರ್ ಒಂದನ್ನು ಕೊಂಡು, ಮೇಲಿನ ಡಬ್ಬವನ್ನು ಬಿಚ್ಚಿ, ಅದರ ಚೌಕಟ್ಟಿನ ಮೇಲೆ ಕಟ್ಟುವುದು. ಕಬ್ಬಿಣ ಗಟ್ಟಿಯಾಗಿದ್ದರೆ ಸಾಕು ಎಂಬ ಭಾವನೆಯಿಂದ ಈ ವ್ಯವಹಾರ ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ಆದರೆ ಕಾನೂನಿನ ದೃಷ್ಟಿಯಲ್ಲಿ ಅಲ್ಲಿ ಮಾರಾಟವಾದದ್ದು ಕಬ್ಬಿಣವಲ್ಲ. 1988ರ ಮೋಟಾರು ವಾಹನಗಳ ಕಾಯಿದೆಯ 2(28)ನೇ ಪ್ರಕರಣವು ಬಾಡಿ ಜೋಡಿಸದ ಚಾಸಿಸ್ಸನ್ನೂ ಟ್ರೈಲರ್ ಅನ್ನೂ 'ಮೋಟಾರು ವಾಹನ' ಎಂಬ ಪದದ ಅರ್ಥದಲ್ಲಿಯೇ ಸೇರಿಸಿದೆ. ಎಂಜಿನ್ ಇಲ್ಲದಿದ್ದರೂ ಅದು ವಾಹನವೇ. ನೋಂದಣಿ, ವಿಮೆ, ಮಾಲೀಕತ್ವದ ವರ್ಗಾವಣೆ, ಇವೆಲ್ಲವೂ ಅದಕ್ಕೆ ಅನ್ವಯಿಸುತ್ತವೆ.

ಆದುದರಿಂದ ಹಳೆಯ ಚೌಕಟ್ಟಿಗೆ ಕೊಡುವ ಬೆಲೆಯಲ್ಲಿ ಎರಡು ಭಾಗಗಳಿವೆ: ಕಬ್ಬಿಣದ ಬೆಲೆ ಮತ್ತು ಕಾಗದದ ಬೆಲೆ. ದಾಖಲೆಯಿಲ್ಲದ ಚೌಕಟ್ಟು ಎಷ್ಟೇ ಸುಭದ್ರವಾಗಿದ್ದರೂ ಅದಕ್ಕೆ ಗುಜರಿ ದರಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡುವುದೂ ನಷ್ಟವೆಂಬುದು ನನ್ನ ಅಭಿಪ್ರಾಯ.

ದಾಖಲೆಗಳ ಪರಿಶೀಲನೆ

ನೋಂದಣಿ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಚೌಕಟ್ಟಿನ ಬಳಿಗೆ ಹೋಗಬೇಕು. ಕೊರೆದ ಚಾಸಿಸ್ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಪತ್ರದಲ್ಲಿನ ಸಂಖ್ಯೆಯೊಂದಿಗೆ ಅಕ್ಷರ ಅಕ್ಷರವಾಗಿ ಹೋಲಿಸಬೇಕು. ಸಂಖ್ಯೆಯಿರುವ ಜಾಗದಲ್ಲಿ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಅಥವಾ ಗ್ರೈಂಡಿಂಗ್ ಗುರುತು ಕಂಡರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸುವುದು ಲೇಸು. ಅದೇ ಸಂಖ್ಯೆಯನ್ನು ಸಾರಿಗೆ ಇಲಾಖೆಯ 'ವಾಹನ್' ದತ್ತಾಂಶದಲ್ಲಿಯೂ ನೋಡಿ, ಮಾಲೀಕರ ಹೆಸರು, ವಿಮೆಯ ಅವಧಿ, ಸಾಲದ ನಮೂದು ಇವುಗಳನ್ನು ಖಚಿತಪಡಿಸಿಕೊಳ್ಳಬೇಕು. ಬ್ಯಾಂಕಿನ ಅಥವಾ ಹಣಕಾಸು ಸಂಸ್ಥೆಯ ಹೈಪಾಥಿಕೇಷನ್ ನಮೂದು ಉಳಿದಿದ್ದರೆ, ಸಾಲ ತೀರಿದೆಯೆಂಬ ಬಾಯಿಮಾತು ಸಾಲದು. ನಮೂನೆ 35ರ ಮೂಲಕ ಆ ನಮೂದು ರದ್ದಾಗಬೇಕು. ಬೇರೆ ನೋಂದಣಿ ಪ್ರಾಧಿಕಾರದ ವ್ಯಾಪ್ತಿಯಿಂದ ತರುವ ಗಾಡಿಯಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕಾದೀತು. ವರ್ಗಾವಣೆಗೆ ನಮೂನೆ 29 ಮತ್ತು 30. ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ವರದಿ ಮಾಡಬೇಕೆಂದು 50ನೇ ಪ್ರಕರಣ ವಿಧಿಸುತ್ತದೆ.

ಇದು ಕೊಳ್ಳುವವರಿಗೆ ಮಾತ್ರ ಹೇಳಿದ ಮಾತಲ್ಲ. ನಮ್ಮಲ್ಲಿ ಅನೇಕರು ಮಾರುವ ಸ್ಥಾನದಲ್ಲಿಯೂ ಇರುತ್ತಾರೆ. ಹಳೆಯ ಜನರೇಟರ್ ಟ್ರೈಲರ್ ಅಂಗಳದಲ್ಲಿ ಬಿದ್ದಿದೆ, ಯಾರೋ ಕೇಳಿದರು, ಕೊಟ್ಟುಬಿಟ್ಟೆವು. ಹಲವು ಕೈ ಬದಲಾಗಿದ್ದರೂ ದಾಖಲೆಯಲ್ಲಿ ಮೊದಲಿನವರ ಹೆಸರೇ ಉಳಿದಿದ್ದ ವಾಹನವೊಂದರ ಅಪಘಾತದ ಪ್ರಕರಣದಲ್ಲಿ, ಪರಿಹಾರದ ಹೊಣೆ ನೋಂದಾಯಿತ ಮಾಲೀಕರದ್ದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿದೆ. ನಲವತ್ತು ಸಾವಿರಕ್ಕೆ ಮಾರಿದ ಟ್ರೈಲರ್ ಲಕ್ಷಾಂತರ ರೂಪಾಯಿಗಳ ಹೊಣೆಯನ್ನು ಮರಳಿ ಮನೆಗೆ ತರಬಹುದು. ಬಿಳಿ ಕಾಗದದ ಮೇಲಿನ ಮಾರಾಟ ರಸೀದಿ ಮೂರನೆಯ ವ್ಯಕ್ತಿಯ ಎದುರು ರಕ್ಷಣೆಯಾಗದು. ಹಳೆಯ ವಾಹನಗಳನ್ನು ಕೊಂಡು ಮಾರುವುದನ್ನೇ ವೃತ್ತಿಯಾಗಿಸಿಕೊಂಡವರಿಗೆ 2023ರ ಏಪ್ರಿಲ್ 1ರಿಂದ ಅಧಿಕೃತ ಡೀಲರ್ ಪ್ರಮಾಣಪತ್ರದ ವ್ಯವಸ್ಥೆ ಬಂದಿದ್ದು, ಅಂತಹ ಡೀಲರಿಗೆ ವಿಧಿವತ್ತಾಗಿ ಒಪ್ಪಿಸಿದ ವಾಹನಕ್ಕೆ ಅವರೇ ಮಾಲೀಕರೆಂದು ಪರಿಗಣಿಸಲಾಗುತ್ತದೆ.

ಗುಜರಿ ಅಂಗಳದಿಂದ ತಂದ ಚೌಕಟ್ಟಿನ ವಿಚಾರ ಸರಳ. ನೋಂದಣಿ ರದ್ದಾದ ವಾಹನದ ಅವಶೇಷಕ್ಕೆ ಹಳೆಯ ಸಂಖ್ಯೆಯ ಜೀವ ಉಳಿದಿರುವುದಿಲ್ಲ.

ಡಬ್ಬ ಬಿಚ್ಚಿ ಮನೆ ಕಟ್ಟುವ ಮುನ್ನ

ಸರಕು ಟ್ರೈಲರ್ ಅನ್ನು ಕ್ಯಾಂಪರ್ ಆಗಿ ಪರಿವರ್ತಿಸುವುದು ಬಣ್ಣ ಬದಲಿಸಿದಂತೆ ಅಲ್ಲ. ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 52ನೇ ಪ್ರಕರಣ ಹೇಳುತ್ತದೆ; ವಾಹನದ ಮೂಲ ಲಕ್ಷಣವನ್ನು ಬದಲಿಸುವ ರಚನಾ ವ್ಯತ್ಯಾಸವೇ ಮಾರ್ಪಾಡು ಎಂದು ಅದರ ವಿವರಣೆಯಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ(4)ನೇ ಪ್ರಕರಣದ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ರೂ. 5,000 ದಂಡ, ಅಥವಾ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ. ಹೀಗಾಗಿ ಮುಂಗಡ ಕೊಡುವ ಮೊದಲೇ ಉದ್ದೇಶಿತ ಬಾಡಿಯ ನಕ್ಷೆ, ಅಳತೆ, ಅಂದಾಜು ತೂಕ ಇವುಗಳೊಂದಿಗೆ ಪ್ರಾದೇಶಿಕ ಸಾರಿಗೆ ಕಚೇರಿಗೆ ಅರ್ಜಿ ಕೊಟ್ಟು, ಈ ಪರಿವರ್ತನೆಗೆ ಅವಕಾಶವಿದೆಯೇ, ಪರೀಕ್ಷಾ ಸಂಸ್ಥೆಯ ಅನುಮೋದನೆ ಬೇಕೇ ಎಂಬುದಕ್ಕೆ ಲಿಖಿತ ಉತ್ತರ ಪಡೆಯಬೇಕು. ಕೌಂಟರಿನಲ್ಲಿ ದೊರೆತ ಮೌಖಿಕ ಭರವಸೆ ರಸ್ತೆಯಲ್ಲಿ ತಪಾಸಣೆಗೆ ನಿಲ್ಲಿಸಿದಾಗ ನೆರವಿಗೆ ಬಾರದು. ಕೃಷಿ ಬಳಕೆಗೆಂದು ನೋಂದಣಿಯಾದ ಟ್ರೈಲರ್ ಆಗಿದ್ದರೆ, ಬಳಕೆ ಬದಲಾದಂತೆ ತೆರಿಗೆಯ ವರ್ಗವೂ ಬದಲಾಗುವುದನ್ನು ಲೆಕ್ಕಕ್ಕೆ ಹಿಡಿಯಬೇಕು. ಹಾಗೆ ನೋಡಿದರೆ ಟ್ರ್ಯಾಕ್ಟರ್ ಟ್ರೈಲರ್ ಈ ಕೆಲಸಕ್ಕೆ ಹೊಂದುವುದೂ ಇಲ್ಲ. ಬಹುಪಾಲು ಅವುಗಳಲ್ಲಿ ಸ್ಪ್ರಿಂಗ್ ಇರುವುದಿಲ್ಲ, ಖಾಲಿ ತೂಕವೂ ವಿಪರೀತ.

ತೂಕದ ಆಯವ್ಯಯ

ಲೆಕ್ಕ ಬಲ್ಲ ವರ್ತಕರೂ ಎಡವುವುದು ಇಲ್ಲಿಯೇ. ಹಣಕ್ಕೆ ಆಯವ್ಯಯ ಬರೆಯುವಂತೆ ತೂಕಕ್ಕೂ ಬರೆಯಬೇಕು. ನೋಂದಣಿ ಪತ್ರದಲ್ಲಿ ಒಟ್ಟು ತೂಕ 1,500 ಕೆ.ಜಿ. ಎಂದಿದೆ ಎನ್ನೋಣ. ಡಬ್ಬ ಬಿಚ್ಚಿದ ಚೌಕಟ್ಟನ್ನು ವೇ ಬ್ರಿಡ್ಜಿನಲ್ಲಿ ತೂಗಿದಾಗ 300 ಕೆ.ಜಿ. ಬಂತು. ಉಳಿದ 1,200 ಕೆ.ಜಿ. ನಮ್ಮ ಮಿತಿ. 12 ಮಿ.ಮೀ. ದಪ್ಪದ ಎಂಟು ಅಡಿ, ನಾಲ್ಕು ಅಡಿ ಪ್ಲೈವುಡ್ ಹಾಳೆಯೊಂದು ಸುಮಾರು 23 ಕೆ.ಜಿ. ತೂಗುತ್ತದೆ, 14 ಹಾಳೆಗಳಿಗೆ 320 ಆಯಿತು. ಚೌಕ ಪೈಪಿನ ಹಂದರಕ್ಕೆ 150, ಅಲ್ಯೂಮಿನಿಯಂ ಹೊದಿಕೆಗೆ 60, ಹಾಸಿಗೆ ಮತ್ತು ಕಪಾಟುಗಳಿಗೆ 120, ನೂರು ಲೀಟರ್ ನೀರಿಗೆ 100, ಇನ್ವರ್ಟರ್ ಬ್ಯಾಟರಿಗೆ 50, ಒಲೆ ಮತ್ತು ಸಿಲಿಂಡರಿಗೆ 35, ಪ್ರಯಾಣದ ಸಾಮಾನಿಗೆ 150. ಒಟ್ಟು 985 ಕೆ.ಜಿ. ಚೌಕಟ್ಟು ಸೇರಿ 1,285. ಮಿತಿಯೊಳಗೆ 215 ಕೆ.ಜಿ. ಉಳಿಯಿತು. ಇದೇ ಲೆಕ್ಕವನ್ನು ಒಟ್ಟು ತೂಕ 1,000 ಕೆ.ಜಿ. ಇರುವ ಹಗುರ ಟ್ರೈಲರಿಗೆ ಹಾಕಿದರೆ ಕೊರತೆ ಬೀಳುತ್ತದೆ. ಅದು ಎಷ್ಟೇ ಅಗ್ಗವಾಗಿ ಸಿಕ್ಕರೂ ನಮ್ಮ ಉಪಯೋಗಕ್ಕಲ್ಲ. ಎಳೆಯುವ ವಾಹನದ ತಯಾರಕರು ಟ್ರೈಲರ್ ಎಳೆಯಲು ಅನುಮತಿಸಿದ್ದಾರೆಯೇ, ಎಷ್ಟು ತೂಕದವರೆಗೆ ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡಿ ಈ ಹಾಳೆಯ ತಲೆಯ ಮೇಲೆಯೇ ಬರೆದುಕೊಳ್ಳಬೇಕು.

ತೂಕ ಎಷ್ಟು ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ. ಭಾರ ಆಕ್ಸಲ್‌ನ ಹಿಂದಕ್ಕೆ ಸರಿದರೆ ಕೊಂಡಿ ಮೇಲಕ್ಕೇಳುತ್ತದೆ, ವೇಗ ಹೆಚ್ಚಿದಂತೆ ಟ್ರೈಲರ್ ಬಾಲದಂತೆ ಓಲಾಡಿ ಎಳೆಯುವ ವಾಹನವನ್ನೂ ಮಗುಚುವ ಸಂಭವವಿದೆ. ಒಟ್ಟು ತೂಕದ ಹತ್ತನೆಯ ಒಂದು ಭಾಗದಷ್ಟು ಕೊಂಡಿಯ ಮೇಲೆ ಕೂರಬೇಕೆಂಬುದು ಅಮೆರಿಕದಲ್ಲಿ ರೂಢಿಯಲ್ಲಿರುವ ಕನಿಷ್ಠ ಅಳತೆ. ಮೇಲಿನ ಉದಾಹರಣೆಯಲ್ಲಿ ಸುಮಾರು 130 ಕೆ.ಜಿ. ಇದನ್ನು ಅಳೆಯಲು ವೇ ಬ್ರಿಡ್ಜ್ ತೀರಾ ಒರಟು. ನಮ್ಮ ಮಂಡಿಗಳಲ್ಲಿ ಮೂಟೆ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿಯ ಮೇಲೆ, ಟ್ರೈಲರ್ ಮಟ್ಟವಾಗಿ ನಿಂತಿರುವಂತೆ ಕೊಂಡಿಯನ್ನು ಇಳಿಸಿದರೆ ಖಚಿತ ತೂಕ ದೊರೆಯುತ್ತದೆ. ಹಳೆಯ ಟ್ರೈಲರಿನ ಆಕ್ಸಲ್ ಹಳೆಯ ಸರಕಿಗೆ ತಕ್ಕ ಜಾಗದಲ್ಲಿರುತ್ತದೆ. ನೀರಿನ ತೊಟ್ಟಿ, ಬ್ಯಾಟರಿ, ಅಡುಗೆಕಟ್ಟೆಗಳನ್ನು ಅದಕ್ಕೆ ಹೊಂದಿಸಿ ಇಡುವುದು ಸುಲಭ. ಆಕ್ಸಲ್ಲನ್ನೇ ಸರಿಸುವುದಾದರೆ ಪುನಃ ಮಾರ್ಪಾಡಿನ ಪ್ರಶ್ನೆ ಎದುರಾಗುತ್ತದೆ.

ಕಬ್ಬಿಣದ ಪರೀಕ್ಷೆಗೆ ಒಂದು ಟೇಪು ಮತ್ತು ಸುತ್ತಿಗೆ ಸಾಕು. ಚೌಕಟ್ಟಿನ ಎರಡು ಕರ್ಣಗಳು ಸಮನಾಗಿರಬೇಕು. ಕೊಂಡಿಯ ನಡುವಿನಿಂದ ಆಕ್ಸಲ್‌ನ ಎರಡೂ ತುದಿಗಳ ದೂರ ಒಂದೇ ಇರಬೇಕು. ಪೆಟ್ಟಿಗೆಯಾಕಾರದ ಪೈಪು ಒಳಗಿನಿಂದ ತುಕ್ಕು ಹಿಡಿಯುವುದರಿಂದ ಹೊರಗಿನ ಬಣ್ಣವನ್ನು ನಂಬದೆ ಕೆಳಮೈಯನ್ನು ಸುತ್ತಿಗೆಯಿಂದ ತಟ್ಟಿ ನೋಡಬೇಕು. ಸ್ಪ್ರಿಂಗ್ ತೂಗುಹಾಕಿದ ಬ್ರಾಕೆಟ್‌ಗಳ ಬಳಿ ಹಾಗೂ ಮೂತಿಯ ದಂಡ ಚೌಕಟ್ಟಿಗೆ ಕೂಡುವಲ್ಲಿ ಬೆಸುಗೆ ಬಿರುಕು ಬಿಡುತ್ತದೆ. ಚಕ್ರವನ್ನು ಎತ್ತಿ ತಿರುಗಿಸಿದರೆ ಬೇರಿಂಗಿನ ಸದ್ದು ಕೇಳುತ್ತದೆ. ಟೈರಿನ ಮೇಲಿನ ನಾಲ್ಕಂಕಿಯ ಗುರುತು ತಯಾರಿಕೆಯ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ. ಬಹುಕಾಲ ನಿಂತೇ ಇದ್ದ ಟ್ರೈಲರಿನ ಟೈರುಗಳು ಗುಂಡಿ ಸವೆಯದೆಯೇ ಸತ್ತಿರುತ್ತವೆ.

ಬೆಲೆ ಮತ್ತು ತೆರಿಗೆ

ಕೇಳಿದ ಬೆಲೆ ರೂ. 40,000 ಎನ್ನೋಣ. ಟೈರಿಗೆ 9,000, ಬೇರಿಂಗ್ ಮತ್ತು ಸ್ಪ್ರಿಂಗಿಗೆ 7,000, ತುಕ್ಕು ತೆಗೆದು ಬಣ್ಣ ಬಳಿಯಲು 8,000, ಸಾಗಣೆಗೆ 5,000, ವರ್ಗಾವಣೆ ಮತ್ತು ವಿಮೆಗೆ 6,000 ಸೇರಿದರೆ ಕೈಗೆ ಬಂದ ಚೌಕಟ್ಟಿನ ಬೆಲೆ ರೂ. 75,000. ಅಂಕಿಗಳು ಉದಾಹರಣೆಗೆ ಮಾತ್ರ. ಹೊಸ ಚೌಕಟ್ಟಿನ ದರಪಟ್ಟಿಯೊಂದಿಗೆ ಹೋಲಿಸಬೇಕಾದದ್ದು ಈ 75,000ವನ್ನೇ ಹೊರತು 40,000ವನ್ನಲ್ಲ. ಹೊಸದರ ತಯಾರಕರು ನೋಂದಣಿಗೆ ಬೇಕಾದ ನಮೂನೆ 21 ಮತ್ತು 22ನ್ನು ಕೊಡಬಲ್ಲವರಾಗಿದ್ದು, ಬೆಲೆಯ ಅಂತರ ಕಾಲುಭಾಗಕ್ಕಿಂತ ಕಡಿಮೆಯಿದ್ದರೆ ನಾನು ಹೊಸದನ್ನೇ ಸಲಹೆ ಮಾಡುತ್ತೇನೆ.

ಬಿಲ್ಲಿನಲ್ಲಿ ಏನೆಂದು ಬರೆಯುತ್ತಾರೆ ಎಂಬುದಕ್ಕೆ ತೂಕವಿದೆ. 'ಹಳೆಯ ಟ್ರೈಲರ್' ಎಂದಿದ್ದರೆ, ಮಾರುವವರು ನೋಂದಾಯಿತ ವರ್ತಕರಾಗಿದ್ದು ಹಿಂದೆ ಹೂಡುವಳಿ ತೆರಿಗೆ ಜಮೆ ಪಡೆಯದಿದ್ದಲ್ಲಿ, ಲಾಭಾಂಶದ ಮೇಲೆ ಮಾತ್ರ ಜಿಎಸ್‌ಟಿ. 2025ರ ಜನವರಿಯಿಂದ ಇದರ ದರ ಶೇ. 18. ಸವಕಳಿ ಕಳೆದು ಪುಸ್ತಕದಲ್ಲಿ ಉಳಿದ ಬೆಲೆ 60,000 ಇದ್ದು 85,000ಕ್ಕೆ ಮಾರಿದರೆ 25,000ದ ಮೇಲೆ ರೂ. 4,500 ತೆರಿಗೆ. 55,000ಕ್ಕೆ ಮಾರಿದರೆ ತೆರಿಗೆಯಿಲ್ಲ. ಇಲ್ಲಿ ಸವಕಳಿಯೆಂದರೆ ಆದಾಯ ತೆರಿಗೆಯ ಲೆಕ್ಕದ ಸವಕಳಿ. ಜಮೆ ಪಡೆದಿದ್ದವರಿಗೆ ಈ ಸೌಲಭ್ಯವಿಲ್ಲ; ಬಳಸಿದ ಅವಧಿಗೆ ತಕ್ಕಂತೆ ಇಳಿಸಿದ ಜಮೆ, ಮಾರಾಟ ಬೆಲೆಯ ಮೇಲಿನ ತೆರಿಗೆ, ಇವೆರಡರಲ್ಲಿ ಹೆಚ್ಚಿನದನ್ನು ಅವರು ಕಟ್ಟಬೇಕು. ಬಿಲ್ಲಿನಲ್ಲಿ 'ಲೋಹದ ಗುಜರಿ' ಎಂದು ಬರೆದರೆ ವಿಷಯವೇ ಬೇರೆ. ನೋಂದಣಿಯಿಲ್ಲದವರಿಂದ ನೋಂದಾಯಿತ ವರ್ತಕರು ಕೊಂಡ ಗುಜರಿಗೆ 2024ರ ಅಕ್ಟೋಬರ್ 10ರಿಂದ ಕೊಂಡವರೇ ತೆರಿಗೆ ಕಟ್ಟಬೇಕು. ತೆರಿಗೆ ಉಳಿಸಲೆಂದು ಒಂದನ್ನು ಇನ್ನೊಂದಾಗಿ ಬರೆಸುವವರು, ಗುಜರಿಯೆಂದು ಬರೆಸಿದ ವಸ್ತುವಿಗೆ ಮಾಲೀಕತ್ವದ ವರ್ಗಾವಣೆ ಕೇಳುವುದು ಹೇಗೆಂದು ಯೋಚಿಸಬೇಕು.

ಹಣವನ್ನು ಬ್ಯಾಂಕಿನ ಮೂಲಕವೇ ಕೊಡಬೇಕು. ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ ರೂ. 10,000ಕ್ಕಿಂತ ಹೆಚ್ಚು ನಗದು ಕೊಟ್ಟು ಕೊಂಡ ಆಸ್ತಿಯಲ್ಲಿ ಆ ನಗದು ಆಸ್ತಿಯ ವೆಚ್ಚವೆಂದೇ ಗಣನೆಗೆ ಬರುವುದಿಲ್ಲ, ಸವಕಳಿಯೂ ದೊರೆಯದು. ಕ್ಯಾಂಪರ್ ಕಟ್ಟಿ ಮಾರಲೆಂದು ಚೌಕಟ್ಟನ್ನು ಸರಕಾಗಿ ಕೊಂಡಿದ್ದರೂ ಅಂತಹ ನಗದು ಪಾವತಿ ವೆಚ್ಚವಾಗಿ ಒಪ್ಪಿತವಾಗದು. ಕುಟುಂಬದ ಪ್ರವಾಸಕ್ಕೆಂದು ಕಟ್ಟುವ ಗಾಡಿಯನ್ನು ಸಂಸ್ಥೆಯ ಲೆಕ್ಕಪುಸ್ತಕಕ್ಕೆ ತರುವುದೇ ಬೇಡ. ಮಾತಾಡಿದ ಬೆಲೆಯ ಒಂದು ಭಾಗವನ್ನು, ನೋಂದಣಿ ಪತ್ರದಲ್ಲಿ ಹೆಸರು ಬದಲಾದ ನಂತರ ಕೊಡುವುದಾಗಿ ಕರಾರಿನಲ್ಲಿ ಬರೆಸಿಕೊಳ್ಳುವುದು ಉತ್ತಮ. ಪ್ರಾಮಾಣಿಕ ಮಾರಾಟಗಾರರು ಇದಕ್ಕೆ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ.

ಗ್ರಾಹಕರಿಗಾಗಿ ಕಟ್ಟಿಕೊಡುವ ಸದಸ್ಯರು ಇನ್ನೊಂದು ಅಂಶವನ್ನು ಗಮನಿಸಬೇಕು. ಬಸ್ ಬಾಡಿ ನಿರ್ಮಾಣದ ಬಗ್ಗೆ 2018ರ ಆಗಸ್ಟ್ 9ರಂದು ಹೊರಬಿದ್ದ ಜಿಎಸ್‌ಟಿ ಸುತ್ತೋಲೆಯು, ತನ್ನದೇ ಚಾಸಿಸ್ ಮೇಲೆ ಕಟ್ಟಿ ಮಾರಿದರೆ ಅದು ಸರಕಿನ ಪೂರೈಕೆ, ಗ್ರಾಹಕರು ತಂದುಕೊಟ್ಟ ಚಾಸಿಸ್ ಮೇಲೆ ಕಟ್ಟಿದರೆ ಸೇವೆ ಎಂದು ವಿಂಗಡಿಸಿದೆ. ಟ್ರೈಲರಿಗೂ ಇದೇ ತರ್ಕ ಅನ್ವಯಿಸುತ್ತದೆಂಬುದು ನನ್ನ ತಿಳಿವಳಿಕೆ. ಚೌಕಟ್ಟನ್ನು ಗ್ರಾಹಕರ ಹೆಸರಿನಲ್ಲಿಯೇ ಕೊಳ್ಳಿಸಿ, ಅವರ ನೋಂದಣಿ ಪತ್ರದ ಪ್ರತಿಯನ್ನೂ ಸಾರಿಗೆ ಕಚೇರಿಯ ಲಿಖಿತ ಉತ್ತರವನ್ನೂ ಕಡತದಲ್ಲಿಟ್ಟುಕೊಂಡ ಮೇಲೆಯೇ ಕೆಲಸ ಆರಂಭಿಸುವುದು ಸಣ್ಣ ವರ್ಕ್‌ಶಾಪಿಗೆ ಹೆಚ್ಚು ಕ್ಷೇಮಕರ.