ಎಂಜಿನ್ ಇಳಿಸುವ ಮುಂಚೆ

ತೆಂಗಿನ ತೋಟದ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದ ತಾತನ ಅಂಬಾಸಿಡರನ್ನು ಈಚೆಗೆ ತಳ್ಳಿ, ತೊಳೆದು ನಿಲ್ಲಿಸಿದ ಕೂಡಲೇ ನಮ್ಮ ಕಡೆಯ ಹುಡುಗರ ಬಾಯಲ್ಲಿ ಬರುವ ಮೊದಲ ಮಾತು ಎಂಜಿನ್ ಬದಲಾಯಿಸುವುದು. ಹಳೇ ಗಾಡಿಯನ್ನು ಗುಜರಿಗೆ ಕೊಡದೆ ಓಡಿಸಬೇಕು ಅನ್ನುವ ನಿನ್ನ ಆಸೆ ಕಂಡು ನನಗೆ ನಿಜಕ್ಕೂ ಸಂತೋಷ ಮಗ. ಅದಕ್ಕೇ ನನ್ನ ಅಭಿಪ್ರಾಯವನ್ನು ಸುತ್ತುಬಳಸದೆ ಹೇಳಿಬಿಡುತ್ತೇನೆ. ಇರುವ ಎಂಜಿನ್ನನ್ನೇ ಬಿಚ್ಚಿಸಿ ಸರಿಮಾಡಿಸು. ಬೇರೆಯದನ್ನು ಕೂರಿಸುವ ಯೋಚನೆ, ಅದು ಇನ್ನು ಏಳುವುದೇ ಇಲ್ಲ ಎಂದು ಲೇತಿನವನು ಹೇಳಿದ ಮೇಲೆ ಬರಲಿ.

‘ಹಿಂದೆ ಎಲ್ಲರೂ ಹಾಕಿಸುತ್ತಿದ್ದರಲ್ಲ’ ಅನ್ನುತ್ತೀಯ. ಹೌದು, ಹಾಕಿಸುತ್ತಿದ್ದರು. ಹಿರೀಸಾವೆ ಮೇಲೆ ಹಾದುಹೋಗುವ ಬೆಂಗಳೂರು–ಮಂಗಳೂರು ರಸ್ತೆಗೆ ಈಗ 75 ಎಂಬ ಸಂಖ್ಯೆ ಇದೆ, ಆಗ ಅದು 48. ಆ ರಸ್ತೆಯಲ್ಲಿ ಶ್ರವಣಬೆಳಗೊಳಕ್ಕೂ ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೂ ಬಾಡಿಗೆ ಹೊಡೆಯುತ್ತಿದ್ದವರು ಪೆಟ್ರೋಲ್ ಎಂಜಿನ್ ಇಳಿಸಿ ಮೆಟಡೋರ್ ಡೀಸೆಲ್ ಎಂಜಿನ್ ಕೂರಿಸಿಕೊಂಡರು. ಹೊಟ್ಟೆಪಾಡು ಹಾಗೆ ಮಾಡಿಸಿತು. ಡೀಸೆಲ್ ಬೆಲೆ ಕಡಿಮೆ, ಮೈಲೇಜ್ ಹೆಚ್ಚು, ದಿನಾ ಓಡುವ ಗಾಡಿಗೆ ಹಾಕಿದ ದುಡ್ಡು ಬೇಗ ವಾಪಸ್ ಬರುತ್ತಿತ್ತು. ಸಕಲೇಶಪುರದ ಕಡೆ ಕಾಫಿ ತೋಟದ ಜೀಪುಗಳ ಕಥೆಯೂ ಅದೇ. ಹಳೇ ಪೆಟ್ರೋಲ್ ಎಂಜಿನ್ ಹೋಗಿ ಡೀಸೆಲ್ ಬಂತು, ಮಳೆಗಾಲದ ಕೆಸರಲ್ಲಿ ಮೂಟೆ ಹೊತ್ತು ಏರುವುದಕ್ಕೆ ಅದೇ ಬೇಕಿತ್ತು. ಅವರ ಲೆಕ್ಕ ಸರಿಯಾಗಿಯೇ ಇತ್ತು. ಭಾನುವಾರ ಚನ್ನರಾಯಪಟ್ಟಣಕ್ಕೆ ಹೋಗಿ ಕಾಫಿ ಕುಡಿದು ಬರುವ ನಿನ್ನ ಗಾಡಿಗೆ ಆ ಲೆಕ್ಕ ಕೂಡಿಬರುವುದಿಲ್ಲ.

ಎಂಜಿನ್ ಬದಲಾಯಿಸುವುದು ಅಂದರೆ ನಾಲ್ಕು ಬೋಲ್ಟ್ ಬಿಚ್ಚಿ ನಾಲ್ಕು ಬಿಗಿಯುವ ಕೆಲಸ ಅಲ್ಲ. ಅಂಬಾಸಿಡರ್ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. 1489 ಸಿಸಿ, 50 ಎಚ್‌ಪಿ ಆಸುಪಾಸಿನ ಎಂಜಿನ್ನಿಗೆ ತಕ್ಕ ಹಾಗೆ ಅದರ ಬ್ರೇಕು, ಗೇರು, ಮುಂದಿನ ಟಾರ್ಷನ್ ಬಾರು ಎಲ್ಲ ಹೊಂದಿಕೊಂಡಿವೆ. ಭಾರದ ಡೀಸೆಲ್ ಎಂಜಿನ್ ಕೂರಿಸಿದೆ ಅಂದುಕೋ. ಮೂತಿ ತಗ್ಗುತ್ತದೆ, ಸ್ಟೇರಿಂಗ್ ಕೈಗೆ ಭಾರವಾಗುತ್ತದೆ. ಸಂಪು ಕೆಳಗಿನ ಕ್ರಾಸ್ ಮೆಂಬರಿಗೆ ತಾಗುತ್ತದೆ ಎಂದು ಯಾರೋ ಅದನ್ನು ಗ್ಯಾಸ್ ಕಟರಿನಲ್ಲಿ ಕೊಯ್ಯುತ್ತಾರೆ. ಕೊಯ್ದ ಜಾಗ ಗಾಡಿಯ ಭಾರ ಹೊರುವ ಜಾಗ ಎಂಬುದು ಆಮೇಲೆ ಬಿರುಕು ಬಿಟ್ಟಾಗ ಗೊತ್ತಾಗುತ್ತದೆ. ಪ್ರೊಪೆಲ್ಲರ್ ಶಾಫ್ಟ್ ತುಂಡು ಮಾಡಿ ವೆಲ್ಡ್ ಮಾಡಿಸಿ ಬ್ಯಾಲೆನ್ಸ್ ಮಾಡಿಸದಿದ್ದರೆ ಗಾಡಿ ಪೂರ್ತಿ ನಡುಗುತ್ತದೆ. ಹಿಂದಿನ ಕ್ರೌನ್ ಪಿನಿಯನ್ ಇದ್ದದ್ದು ಪೆಟ್ರೋಲ್ ಎಂಜಿನ್ ಸುತ್ತಿನ ಅಂದಾಜಿಗೆ. ಕಡಿಮೆ ಸುತ್ತಿನಲ್ಲಿ ದುಡಿಯುವ ಡೀಸೆಲ್ ಅದರ ಜೊತೆ ಹೆದ್ದಾರಿಯಲ್ಲಿ ಬೇಗನೆ ಅರಚತೊಡಗುತ್ತದೆ.

ಬ್ರೇಕಿನ ಮಾತು ಬೇರೆಯಾಗಿಯೇ ಹೇಳಬೇಕು, ನನಗೆ ಭಯ ಇರುವುದೇ ಅಲ್ಲಿ. ವೇಗ 60ರಿಂದ 120ಕ್ಕೆ ಹೋದರೆ ನಿಲ್ಲಿಸಲು ಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಷ್ಟು ಕಾವನ್ನೂ ಆ ಹಳೇ ಡ್ರಮ್ಮುಗಳೇ ತಡೆಯಬೇಕು. ನಾಲ್ಕು ಪಥದ ರಸ್ತೆ ಕಾಲನ್ನು ಆಕ್ಸಲರೇಟರ್ ಮೇಲೆ ಒತ್ತಿಸುತ್ತದೆ, ಅಷ್ಟರಲ್ಲಿ ಕ್ರಾಸ್ ರಸ್ತೆಯಿಂದ ಹಸು ಹೊಡೆದುಕೊಂಡು ಒಬ್ಬಳು ತಾಯಿ ಅಡ್ಡ ಬರುತ್ತಾಳೆ. ಇನ್ನೊಂದು ಸಂಗತಿ. ಬ್ರೇಕಿಗೆ ಬೂಸ್ಟರ್ ಇದ್ದರೆ ಪೆಟ್ರೋಲ್ ಎಂಜಿನ್ನಿನ ಮ್ಯಾನಿಫೋಲ್ಡಿನಿಂದಲೇ ಅದಕ್ಕೆ ವ್ಯಾಕ್ಯೂಮ್ ಸಿಗುತ್ತದೆ. ಡೀಸೆಲ್ಲಿನಲ್ಲಿ ಸಿಗುವುದಿಲ್ಲ, ವ್ಯಾಕ್ಯೂಮ್ ಪಂಪು ಬೇಕೇ ಬೇಕು. ಅದಿಲ್ಲದೆ ಕೂರಿಸಿದ ಗಾಡಿಯನ್ನು ಶಿರಾಡಿಗೆ ಇಳಿಸಬೇಡ.

ಈಗ ನಿನ್ನ ಹಳೇ ಎಂಜಿನ್ನಿಗೆ ಬರೋಣ. ‘ಪಿಕಪ್ ಇಲ್ಲ, ಕಾವಾಗುತ್ತದೆ’ ಅನ್ನುವುದು ಎಂಜಿನ್ ಸತ್ತಿದೆ ಅನ್ನುವುದಕ್ಕೆ ಸಾಕ್ಷಿ ಅಲ್ಲ. ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದೇ ಸಿಲಿಂಡರಿನ ಕಾಂಪ್ರೆಶನ್ ಗೇಜಿನಲ್ಲಿ ನೋಡಿಸು. ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ಗಿನ ತೂತಿನಲ್ಲೇ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಗೇಜ್ ಇಡಬೇಕು. ಮುಳ್ಳು ಮೇಲೇರಿದರೆ ರಿಂಗು, ಬೋರು ಸವೆದಿವೆ. ಏರದೆ ಅಲ್ಲೇ ನಿಂತರೆ ವಾಲ್ವು ಕೂರುತ್ತಿಲ್ಲ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿದೆ. ಇಷ್ಟನ್ನೂ ನೋಡದೆ ‘ಎತ್ತಿ ಬಿಸಾಕಿ’ ಅನ್ನುವ ಮೇಸ್ತ್ರಿಯ ಗ್ಯಾರೇಜಿನಲ್ಲಿ ಗಾಡಿ ಬಿಡಬೇಡ.

ಬೋರ್ ಸವೆದಿದ್ದರೂ ಹೆದರಬೇಕಿಲ್ಲ. ಅದು ಎರಕದ ಕಬ್ಬಿಣದ ಬ್ಲಾಕು. ಬೋರ್ ಮಾಡಿಸಿ 20 ಥೌ, 40 ಥೌ ಓವರ್‌ಸೈಜ್ ಪಿಸ್ಟನ್ ಹಾಕಬಹುದು, ಅದೂ ದಾಟಿದ್ದರೆ ಸ್ಲೀವ್ ಹಾಕಿ ಮೊದಲಿನ ಅಳತೆಗೇ ತರಬಹುದು. ಪಿಸ್ಟನ್, ಬೇರಿಂಗ್ ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಬೇಕು, ಹುಡುಕುವ ತಾಳ್ಮೆ ಬೇಕು ಅಷ್ಟೆ. ಹೆಡ್ ಕೆಳಗಿಳಿದಾಗಲೇ ಗಟ್ಟಿ ವಾಲ್ವ್ ಸೀಟು ಹಾಕಿಸಿಬಿಡು. ಈ ಎಂಜಿನ್ ಹುಟ್ಟಿದ್ದು ಪೆಟ್ರೋಲಿನಲ್ಲಿ ಸೀಸ ಇದ್ದ ಕಾಲದಲ್ಲಿ. ಆ ಸೀಸವೇ ಸೀಟುಗಳನ್ನು ಕಾಯುತ್ತಿತ್ತು, 2000ದಿಂದ ನಮ್ಮ ದೇಶದಲ್ಲಿ ಅದು ಸಿಗುವುದಿಲ್ಲ. ಈಗ ಬಂಕಿನಲ್ಲಿ ಬರುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್ ಅದಕ್ಕೆ ಮೆತ್ತಗಾಗಿ ಸೋರುತ್ತವೆ, ಸೋರಿದ ಕಡೆ ಬೆಂಕಿ ಹತ್ತುತ್ತದೆ. ಅವನ್ನೆಲ್ಲ ಎಥನಾಲ್ ತಡೆಯುವ ರಬ್ಬರಿಗೆ ಬದಲಾಯಿಸು. ಇನ್ನು ಕಾವಾಗುವುದಕ್ಕೆ ಬಹಳ ಸಲ ಕಾರಣ ರೇಡಿಯೇಟರ್. ನಮ್ಮ ಬೋರ್‌ವೆಲ್ ನೀರನ್ನೇ ವರ್ಷಾನುಗಟ್ಟಲೆ ಸುರಿದು ಒಳಗೆ ಸುಣ್ಣ ಕಟ್ಟಿರುತ್ತದೆ. ಅದನ್ನು ಬಿಚ್ಚಿಸಿ ರಾಡ್ ಹೊಡೆಸಿ, ಕೂಲೆಂಟ್ ಹಾಕಿಸಿದರೆ ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ಇಷ್ಟಾದ ಮೇಲೂ ಬದಲಾಯಿಸಲೇಬೇಕು ಅನ್ನುವುದಾದರೆ ಕಂಪನಿಯೇ ತುಳಿದ ದಾರಿ ನೋಡು. ಹಿಂದೂಸ್ತಾನ್ ಮೋಟಾರ್ಸ್‌ನವರು 1990ರ ದಶಕದ ಮೊದಲಲ್ಲಿ ಇದೇ ಬಾಡಿಗೆ 1.8 ಲೀಟರಿನ ಇಸುಜು ಪೆಟ್ರೋಲ್ ಎಂಜಿನ್ ಕೂರಿಸಿದರು. ಎಂಜಿನ್ ಒಂದನ್ನೇ ತಂದು ಇಟ್ಟು ಕೈತೊಳೆದುಕೊಳ್ಳಲಿಲ್ಲ, ಅದರ ಜೊತೆ ಐದು ಗೇರಿನ ಹೊಸ ಬಾಕ್ಸನ್ನೂ ಕೊಟ್ಟು ಸ್ಟೇರಿಂಗಿನಲ್ಲಿದ್ದ ಗೇರ್ ರಾಡನ್ನು ಕೆಳಕ್ಕೆ ತಂದರು. ಕಾರ್ಖಾನೆಯೇ ಅಷ್ಟೆಲ್ಲ ಬದಲಾಯಿಸಿದ್ದಾಗ ಮರದ ಕೆಳಗಿನ ಗ್ಯಾರೇಜಿನಲ್ಲಿ ಎಂಜಿನ್ ಒಂದರಲ್ಲೇ ಕೆಲಸ ಮುಗಿಯುತ್ತದೆ ಅಂದರೆ ನಂಬಬೇಡ.

ಕಾನೂನೂ ಈಗ ಬಿಗಿಯಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೂ ಆರ್.ಸಿ.ಗೂ ವ್ಯತ್ಯಾಸ ಬರುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಒತ್ತಿ ಹೇಳಿತು. ತಪ್ಪಿದರೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಬೀಳಬಹುದು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಯ ಅನುಮೋದಿತ ಕಿಟ್ಟಿಗೆ ದಾರಿ ಇದೆ, ಗುಜರಿಯಿಂದ ತಂದ ಎಂಜಿನ್ನಿಗೆ ಆ ದಾರಿ ಇಲ್ಲ. ಅಪಘಾತ ಆಯಿತು, ಎಂಜಿನ್ ನಂಬರ್ ಆರ್.ಸಿ.ಗೆ ತಾಳೆಯಾಗಲಿಲ್ಲ ಅಂದರೆ ವಿಮೆಯವರು ಕ್ಲೇಮ್ ತಳ್ಳಿಹಾಕಲು ಬೇರೆ ಕಾರಣ ಹುಡುಕಬೇಕಿಲ್ಲ. ಏಟು ತಿಂದವರಿಗೆ ಕೊಡುವ ಪರಿಹಾರಕ್ಕೆ ಅಪ್ಪನ ತೋಟ ಮಾರುವ ಸ್ಥಿತಿ ನಿನಗೆ ಬರಬಾರದು.

ಮೂಲ ಎಂಜಿನ್ ಉಳಿಸಿಕೊಂಡವನಿಗೆ ಇನ್ನೊಂದು ಬಾಗಿಲು ತೆರೆದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಯನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಿ ‘ವಿಎ’ ಅಕ್ಷರವಿರುವ ನಂಬರ್ ಪಡೆಯಬಹುದು. ದಿನಬಳಕೆಗೂ ಬಾಡಿಗೆಗೂ ಓಡಿಸುವಂತಿಲ್ಲ, ನಿಜ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು ಅನ್ನುವುದು ಮೊದಲ ಷರತ್ತು. ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಹಳೇ ಕಾರುಗಳ ಸಂಗ್ರಹಾಲಯಕ್ಕೆ ಒಂದು ಸುತ್ತು ಹಾಕಿ ಬಾ, ಹಾಗೆ ಉಳಿಸಿಕೊಂಡ ಗಾಡಿಗೆ ಎಂಥ ಬೆಲೆ ಇದೆ ಅಂತ ಕಣ್ಣಾರೆ ನೋಡುತ್ತೀಯ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಉಳಿದಿರುವುದು ನಿಮ್ಮಂಥವರ ಶೆಡ್ಡುಗಳಲ್ಲಿರುವವು ಮಾತ್ರ.

ನಾಳೆ ಬೆಳಿಗ್ಗೆ ಆರ್.ಸಿ. ತೆಗೆದುಕೊಂಡು ಹೋಗಿ ಬ್ಲಾಕಿನ ಮೇಲಿನ ನಂಬರನ್ನು ಬಟ್ಟೆಯಲ್ಲಿ ಒರೆಸಿ ತಾಳೆ ನೋಡು. ಏನೇ ಮಾಡಿದರೂ ಆರ್‌ಟಿಒ ಕಚೇರಿಯಲ್ಲಿ ಮೊದಲು ಕೇಳಿ, ಅನುಮತಿಯನ್ನು ಬರಹದಲ್ಲಿ ತೆಗೆದುಕೋ. ಮತ್ತೆ ಇದೊಂದನ್ನು ನನಗಾಗಿ ನಡೆಸಿಕೊಡು ಮಗ: ಹಳೇ ಎಂಜಿನ್ ಇಳಿಸಲೇಬೇಕಾಗಿ ಬಂದರೂ ಅದನ್ನು ಕೆಜಿ ಲೆಕ್ಕದಲ್ಲಿ ಗುಜರಿಗೆ ಹಾಕಬೇಡ. ಬೋರಿಗೆ ಆಯಿಲ್ ಬಿಟ್ಟು, ತೂತುಗಳನ್ನು ಮುಚ್ಚಿ, ಗ್ರೀಸ್ ಹಚ್ಚಿ ಟಾರ್ಪಾಲಿನಲ್ಲಿ ಕಟ್ಟಿ ಶೆಡ್ಡಿನಲ್ಲೇ ಇಡು.