ಎರಡು ಸಣ್ಣ ಎಂಜಿನ್‌ಗಳನ್ನು ಒಂದೇ ಷಾಫ್ಟಿಗೆ ಜೋಡಿಸುವುದು

ಐದು ಅಶ್ವಶಕ್ತಿಯ ಎರಡು ಡೀಸೆಲ್ ಎಂಜಿನ್‌ಗಳಿರುವ ರೈತರಿಗೆ ಕಬ್ಬಿನ ಗಾಣಕ್ಕೋ ದೊಡ್ಡ ಪಂಪಿಗೋ ಹತ್ತು ಅಶ್ವಶಕ್ತಿ ಬೇಕಾದಾಗ, ಹೊಸ ಎಂಜಿನ್ ಕೊಳ್ಳುವ ಬದಲು ಇರುವ ಎರಡನ್ನೇ ಒಟ್ಟಿಗೆ ಹೂಡಬಾರದೇಕೆ ಎಂಬ ಯೋಚನೆ ಬರುವುದು ಸಹಜ. ಜೋಡಿಸಬಹುದು. ಆದರೆ ನೊಗದ ಎರಡೆತ್ತುಗಳಲ್ಲಿ ಒಂದು ಮುಂದಾದರೆ ಭಾರವೆಲ್ಲ ಅದರ ಹೆಗಲಿಗೇ ಬೀಳುವಂತೆ ಇಲ್ಲಿಯೂ ಆಗುತ್ತದೆ.

ಹೊರೆ ಹಂಚಿಕೆಯ ಲೆಕ್ಕ

ಹೊರೆ ಹೆಚ್ಚಿದಂತೆ ಎಂಜಿನ್ನಿನ ವೇಗ ತುಸು ಇಳಿಯುತ್ತದೆ. ಆಗ ಗವರ್ನರ್ ಹೆಚ್ಚು ಎಣ್ಣೆ ಬಿಡುತ್ತದೆ. ಒಂದು ಎಂಜಿನ್ ಹೊರೆಯಿಲ್ಲದೆ ನಿಮಿಷಕ್ಕೆ 1575 ಸುತ್ತು, ಪೂರ್ಣ ಹೊರೆಯಲ್ಲಿ 1500 ಸುತ್ತು ತಿರುಗುವುದೆನ್ನೋಣ. ಅದೇ ಬಗೆಯ ಇನ್ನೊಂದನ್ನು ಹೊರೆಯಿಲ್ಲದೆ 1545 ಸುತ್ತಿಗೆ ಇಟ್ಟಿದ್ದರೆ, ಎರಡೂ 1500ರಲ್ಲಿ ತಿರುಗುವಾಗ ಮೊದಲನೆಯದು ಪೂರ್ಣ 5 ಅಶ್ವಶಕ್ತಿ ಕೊಡುತ್ತದೆ. ಎರಡನೆಯದು 75ರಲ್ಲಿ 45 ಪಾಲು, ಅಂದರೆ 3 ಅಶ್ವಶಕ್ತಿ ಮಾತ್ರ. ಕೇವಲ 30 ಸುತ್ತಿನ ವ್ಯತ್ಯಾಸದಿಂದ 10ರ ಬದಲು 8 ದೊರೆಯುತ್ತದೆ. ಇನ್ನೂ ಹೊರೆ ಹೇರಿದರೆ ಮೊದಲನೆಯದು ಕಪ್ಪು ಹೊಗೆ ಉಗುಳಿ ಬೇಗ ಸವೆಯುತ್ತದೆ.

ಪುಲ್ಲಿಯ ಅಳತೆಯೂ ಇಷ್ಟೇ ಮುಖ್ಯ. 15 ಸೆಂ.ಮೀ. ವ್ಯಾಸದ ಪುಲ್ಲಿಯಲ್ಲಿ 3 ಮಿ.ಮೀ. ಹೆಚ್ಚುಕಡಿಮೆಯಾದರೆ ಅದು 30 ಸುತ್ತಿನ ವ್ಯತ್ಯಾಸಕ್ಕೆ ಸಮ.

ಅನುಸರಿಸಬೇಕಾದ ಕ್ರಮ

1. ಒಂದೇ ತಯಾರಿಕೆಯ, ಒಂದೇ ವೇಗದ ಎಂಜಿನ್‌ಗಳನ್ನು ಆರಿಸಬೇಕು. ಎರಡರ ಮುಖವೂ ಒಂದೇ ದಿಕ್ಕಿಗಿರಬೇಕು. ಇಲ್ಲದಿದ್ದರೆ ಅವು ಎದುರುಬದುರಾಗಿ ತಿರುಗುತ್ತವೆ.

2. ಪ್ರತಿಯೊಂದನ್ನೂ ಬೇರೆಯಾಗಿ ನಡೆಸಿ, ಸುತ್ತು ಅಳೆಯುವ ಸಾಧನದಿಂದ ನೋಡಿ, ಗವರ್ನರನ್ನು ಒಂದೇ ವೇಗಕ್ಕೆ ಹೊಂದಿಸಬೇಕು.

3. ಪ್ರತಿ ಎಂಜಿನ್ನಿಗೂ ಕ್ಲಚ್ ಅಥವಾ ಸಡಿಲ ಪುಲ್ಲಿ ಇರಲೇಬೇಕು. ಒಂದು ನಿಂತುಹೋದರೆ ಇನ್ನೊಂದು ಅದನ್ನೂ ಎಳೆಯಬೇಕಾಗುತ್ತದೆ.

4. ಷಾಫ್ಟು, ಬೇರಿಂಗುಗಳು ಎರಡರ ಒಟ್ಟು ಶಕ್ತಿಯನ್ನು ತಾಳುವಂತಿರಬೇಕು. ಬೆಲ್ಟುಗಳಿಗೆ ರಕ್ಷಣಾ ಜಾಲರಿ ಹಾಕಿಸಬೇಕು.

5. ಹೊರೆ ಹಾಕಿದ ಮೇಲೆ ಹೊಗೆಯನ್ನು ಹೋಲಿಸಬೇಕು. ಒಂದರಲ್ಲಿ ಮಾತ್ರ ಕಪ್ಪು ಹೊಗೆ ಬಂದರೆ ಹಂಚಿಕೆ ಸರಿಯಿಲ್ಲವೆಂದೇ ಅರ್ಥ.

ಇಂಗ್ಲೆಂಡಿನ ಉದಾಹರಣೆ

1950ರ ದಶಕದಲ್ಲಿ ಎಸೆಕ್ಸ್ ಪ್ರಾಂತದ ಜಾರ್ಜ್ ಪ್ರಯರ್ ಎಂಬ ರೈತ ಗಡಸು ಜೇಡಿ ಭೂಮಿಯ ಉಳುಮೆಗಾಗಿ ಎರಡು ಫೋರ್ಡ್‌ಸನ್ ಟ್ರ್ಯಾಕ್ಟರುಗಳ ಮುಂದಿನ ಚಕ್ರ ಕಳಚಿ, ಒಂದರ ಹಿಂದೊಂದು ಜೋಡಿಸಿದ. ಅರ್ನೆಸ್ಟ್ ಡೋ ಸಂಸ್ಥೆ ಇದನ್ನೇ ತಯಾರಿಸಿ ಮಾರಿತು. ಡೋ ಟ್ರಿಪಲ್ ಡಿ ಎಂದು ಅದು ಹೆಸರಾಯಿತು. ಎರಡೂ ಸೇರಿ ಸುಮಾರು 100 ಅಶ್ವಶಕ್ತಿ. ಅಲ್ಲಿ ಪ್ರತಿ ಎಂಜಿನ್ ತನ್ನ ಚಕ್ರಗಳನ್ನೇ ತಿರುಗಿಸುತ್ತಿತ್ತು. ಸಣ್ಣ ವ್ಯತ್ಯಾಸವನ್ನು ಟೈರಿನ ಜಾರುವಿಕೆ ನುಂಗಿಕೊಳ್ಳುತ್ತಿತ್ತು. ಒಂದೇ ಷಾಫ್ಟಿನಲ್ಲಿ ಅಷ್ಟು ಸಡಿಲವಿಲ್ಲ. ದೊಡ್ಡ ಟ್ರ್ಯಾಕ್ಟರುಗಳು ಬಂದ ಮೇಲೆ ಈ ಜೋಡಿಯೂ ಹಿಂದೆ ಸರಿಯಿತು.

ನೀರಾವರಿಗೆ ಮೇಲಾದ ದಾರಿ

ಗಾಣವನ್ನು ಎರಡಾಗಿ ಒಡೆಯಲಾಗದು, ಆದರೆ ನೀರೆತ್ತುವುದನ್ನು ಹಂಚಬಹುದು. ಬಾವಿಯಲ್ಲಿ ಸಾಕಷ್ಟು ನೀರಿದ್ದು, ಒಂದು ಪಂಪೇ ಬೇಕಾದ ಎತ್ತರಕ್ಕೆ ನೀರು ತಳ್ಳಬಲ್ಲುದಾದರೆ, ಎರಡು ಎಂಜಿನ್ನಿಗೆ ಎರಡು ಪಂಪು ಇಡುವುದೇ ಲೇಸು. ಎರಡನ್ನೂ ಒಂದೇ ಕೊಳವೆಗೆ ಬಿಡುವುದಾದರೆ ಪ್ರತಿ ಪಂಪಿಗೂ ನೀರು ಹಿಂದಿರುಗದಂತೆ ತಡೆಯುವ ಕವಾಟ ಹಾಕಬೇಕು. ಕೊಳವೆಯೂ ಸಾಕಷ್ಟು ಅಗಲವಿರಬೇಕು. ನೀರು ಕಡಿಮೆ ಸಾಕಾದ ದಿನ ಒಂದನ್ನೇ ನಡೆಸಿ ಎಣ್ಣೆ ಉಳಿಸಬಹುದು. ಬೇಸಿಗೆಯ ನಡುವೆ ಒಂದು ಎಂಜಿನ್ ಕೆಟ್ಟರೂ ಇನ್ನೊಂದು ಪಂಪು ಬೆಳೆಯನ್ನು ಉಳಿಸಿಕೊಡುತ್ತದೆ.