ರೇಷನ್ ಕಾರ್ಡ್ ಓದುವುದು ಹೇಗೆ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಕಡೆ ಪಿಂಚಣಿ, ಗೃಹಲಕ್ಷ್ಮಿ, ಅಕ್ಕಿ ಎಂದು ಅಲೆಯುವವರಿಗೆ ನೆರವಾಗಲು ಹೊಸದಾಗಿ ಬರುವವರು ಮೊದಲು ಕೇಳುವುದು ಯೋಜನೆಗಳ ಪಟ್ಟಿಯನ್ನು. ಪಟ್ಟಿ ಎಲ್ಲೂ ಓಡಿಹೋಗುವುದಿಲ್ಲ, ಆಮೇಲೆ ನೋಡಿಕೊಳ್ಳೋಣ. ಸದ್ಯಕ್ಕೆ ಯಾವುದಾದರೂ ಒಂದು ಮನೆಯ ರೇಷನ್ ಕಾರ್ಡ್ ಕೈಗೆ ತೆಗೆದುಕೊಳ್ಳಿ. ಇಲ್ಲಿನ ಹೆಚ್ಚಿನ ತಕರಾರುಗಳ ಬೇರು ಅದರಲ್ಲಿದೆ.

ಮೊದಲ ಹೆಸರು ಯಾರದು ನೋಡಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 13ನೇ ಕಲಮಿನ ಪ್ರಕಾರ, ಮನೆಯ 18 ತುಂಬಿದ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳೇ ಕಾರ್ಡಿನ ಯಜಮಾನಿ. ಕಾಯ್ದೆ ಮಾಡಿದಾಗ ಅದು ಅಕ್ಕಿ, ಗೋಧಿಯ ಮಾತಾಗಿತ್ತು. ಹತ್ತು ವರ್ಷ ಕಳೆದು, 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾದಾಗ ತಿಂಗಳಿಗೆ 2,000 ರೂಪಾಯಿ ಅದೇ ಹೆಸರಿನ ಬೆನ್ನು ಹತ್ತಿತು. ಸೊಸೆ ಬೇರೆ ಒಲೆ ಹೂಡಿ ಎಷ್ಟು ವರ್ಷವಾಗಿದ್ದರೂ ಕಾರ್ಡ್ ಒಂದೇ ಇದ್ದರೆ ಹಣ ಅತ್ತೆಗೆ. ಅತ್ತೆ ತೀರಿಕೊಂಡರೆ ಅದು ತಾನಾಗಿಯೇ ಸೊಸೆಗೆ ಬರುವುದಿಲ್ಲ. ಆಹಾರ ಇಲಾಖೆಯಲ್ಲಿ ಯಜಮಾನಿಯ ಹೆಸರು ಬದಲಾಗಬೇಕು, ಆಮೇಲೆ ಗೃಹಲಕ್ಷ್ಮಿಗೆ ಹೊಸ ಅರ್ಜಿ ಬೀಳಬೇಕು. ಆ ಅರ್ಜಿ ನೋಡುವವರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರು. ಒಂದು ಕಚೇರಿಯವರಿಗೆ ಇನ್ನೊಂದರ ವಿಚಾರ ಗೊತ್ತಿರುವುದು ಅಪರೂಪ. ‘ಕಾರ್ಡ್ ಬೇರೆ ಮಾಡಿಸಿಕೊಳ್ಳಿ’ ಎಂದು ಸಲಹೆ ಕೊಡುವ ಮುನ್ನ ಸ್ವಲ್ಪ ತಡೆಯಿರಿ: ಹೊಸ ಕಾರ್ಡಿಗೆ ಅರ್ಜಿ ಎಲ್ಲ ಕಾಲಕ್ಕೂ ತೆಗೆದುಕೊಳ್ಳುವುದಿಲ್ಲ, ಜೊತೆಗೆ ಮನೆ ಒಡೆಯಲು ಬಂದವರು ಎಂಬ ಹೆಸರು ನಿಮಗೇ ಬರುತ್ತದೆ.

ಇನ್ನು ಕಾರ್ಡಿನ ಜಾತಿ. ಬಿಪಿಎಲ್ ಆಗಲು ಮನೆಯ ವರ್ಷದ ಆದಾಯ 1.20 ಲಕ್ಷ ದಾಟಬಾರದು, ಸ್ವಂತಕ್ಕೆ ಓಡಿಸುವ ಕಾರು ಇರಬಾರದು, ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರು ಇರಬಾರದು. ಕೊನೆಯದೇ ಮುಳ್ಳು. ಸಾಲಕ್ಕೆ ಬೇಕು ಎಂದು ಏಜೆಂಟ್ ಹೇಳಿದನೆಂದು ಮಗ ರಿಟರ್ನ್ ಸಲ್ಲಿಸಿರುತ್ತಾನೆ; ತೆರಿಗೆ ಸೊನ್ನೆ, ಆದರೂ ಹೆಸರು ಕಂಪ್ಯೂಟರಿನಲ್ಲಿ ಕೂತಿರುತ್ತದೆ. 2024ರ ನವೆಂಬರಿನಲ್ಲಿ ರಾಜ್ಯದಾದ್ಯಂತ ಕಾರ್ಡ್‌ಗಳು ರದ್ದಾಗಿ ಗದ್ದಲವೆದ್ದಾಗ, ಸರ್ಕಾರಿ ನೌಕರರು ಮತ್ತು ತೆರಿಗೆದಾರರನ್ನು ಬಿಟ್ಟು ಉಳಿದವರಿಗೆ ವಾಪಸ್ ಕೊಡುವುದಾಗಿ ಸರ್ಕಾರ ಹೇಳಬೇಕಾಯಿತು. ಗೃಹಲಕ್ಷ್ಮಿ ಎಪಿಎಲ್ ಕಾರ್ಡಿನವರಿಗೂ ಉಂಟು, ಆದರೆ ಹೆಂಡತಿಯಾಗಲಿ ಗಂಡನಾಗಲಿ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾದರೆ ಇಲ್ಲ. ಬಳ್ಳಾರಿ ನಗರದಲ್ಲಿ ಇದನ್ನು ಮರೆಯದೆ ಕೇಳಿ. ಜೀನ್ಸ್ ಹೊಲಿಗೆಯ ಊರು ಇದು. ನಾಲ್ಕು ಮೆಷಿನ್ ಹಾಕಿಕೊಂಡು ಜಾಬ್‌ವರ್ಕ್ ಮಾಡುವವನೂ ಬಿಲ್ ಕೊಡಲು ಜಿಎಸ್‌ಟಿ ನಂಬರ್ ಮಾಡಿಸಿರಬಹುದು.

ಪಿಂಚಣಿಗೆ ಬೇರೆಯದೇ ಅಳತೆ. ಸಂಧ್ಯಾ ಸುರಕ್ಷಾ 2007ರಿಂದ ಇದೆ. 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ. ವಿಧವಾ ವೇತನ 800. ಇವಕ್ಕೆ ಆದಾಯದ ಮಿತಿ ವರ್ಷಕ್ಕೆ 32,000. ಭಾಗಿಸಿ ನೋಡಿ, ದಿನಕ್ಕೆ 87 ರೂಪಾಯಿ ಚಿಲ್ಲರೆ. ಕುರುಗೋಡಿನ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸಲು ಆ ಕೂಲಿಗೆ ಯಾವ ಹೆಣ್ಣಾಳೂ ಬರುವುದಿಲ್ಲ. ಹಾಗಾಗಿ ನಾಡಕಚೇರಿಯ ಆದಾಯ ಪ್ರಮಾಣಪತ್ರದಲ್ಲಿ ಬೀಳುವ ಅಂಕಿ ಕೇಳುವವರಿಗೂ ಬರೆಯುವವರಿಗೂ ಮೊದಲೇ ಗೊತ್ತಿರುತ್ತದೆ. ಇಬ್ಬರನ್ನೂ ಬೈದು ಪ್ರಯೋಜನವಿಲ್ಲ, ಸುಳ್ಳು ಹೇಳಿಸುತ್ತಿರುವುದು ಆ ಮಿತಿ. ಬಿಪಿಎಲ್ ಕಾರ್ಡಿದ್ದರೆ ಸಾಕು ಎಂದಿದ್ದರೆ ಒಂದು ಓಡಾಟವಾದರೂ ಉಳಿಯುತ್ತಿತ್ತು.

ಸಿರುಗುಪ್ಪದ ಕತೆ ಇನ್ನೂ ಸಿಕ್ಕು. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ತಾಲ್ಲೂಕು ಹೋದರೂ ಬೀಗತನ ನಿಲ್ಲಲಿಲ್ಲ. ಆದೋನಿ ಕಡೆಯಿಂದ ಸೊಸೆ ಬರುತ್ತಾಳೆ. ಅವಳ ಆಧಾರ್ ತವರಿನ ವಿಳಾಸದಲ್ಲಿ, ರೇಷನ್‌ನಲ್ಲಿ ಹೆಸರು ತವರಿನ ಕಾರ್ಡಿನಲ್ಲಿ. ಅಲ್ಲಿ ತೆಗೆಸದೆ ಇಲ್ಲಿ ಸೇರಿಸಲಾಗದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಉಚಿತ, ಆದರೆ ಕರ್ನಾಟಕದ ವಿಳಾಸದ ಗುರುತು ತೋರಿಸಬೇಕು. ಬಳ್ಳಾರಿಗೆ ಹೊರಟ ಅತ್ತೆಗೆ ಶೂನ್ಯ ಟಿಕೆಟ್, ಪಕ್ಕದಲ್ಲೇ ಕೂತ ಸೊಸೆಗೆ ಪೂರ್ತಿ ಚಾರ್ಜು. ‘ಹಾಗಾದರೆ ವಿಳಾಸ ಬದಲಾಯಿಸಲಿ’ ಅನ್ನುತ್ತೀರಿ. ಆಂಧ್ರದಲ್ಲಿ 2024ರ ಜುಲೈನಿಂದ ಮುದುಕರಿಗೂ ವಿಧವೆಯರಿಗೂ ತಿಂಗಳಿಗೆ 4,000 ರೂಪಾಯಿ. ಗ್ರಾಮ, ವಾರ್ಡ್ ಮಟ್ಟದ ಸರ್ಕಾರಿ ಸಿಬ್ಬಂದಿ ಒಂದನೇ ತಾರೀಖು ಮನೆಗೇ ತಂದುಕೊಡುತ್ತಾರೆ. ಗಂಡ ಸತ್ತ ಅಕ್ಕ ಸಿರುಗುಪ್ಪದಲ್ಲಿ 800ಕ್ಕೆ ಕಾಯುತ್ತಾಳೆ, ಅದೇ ಸ್ಥಿತಿಯ ತಂಗಿ ಆದೋನಿಯಲ್ಲಿ ನಾಲ್ಕು ಸಾವಿರ ಎಣಿಸಿಕೊಳ್ಳುತ್ತಾಳೆ. ತವರಿನ ವಿಳಾಸ ಬಿಡಲು ಹಿಂದೆಮುಂದೆ ನೋಡುವವಳನ್ನು ದಡ್ಡಿ ಎನ್ನಬೇಡಿ, ಅವಳ ಲೆಕ್ಕ ಸರಿಯಾಗಿಯೇ ಇದೆ. ಎರಡೂ ಕಡೆ ಹೆಸರಿದ್ದರೆ ಏನಾಗಬಹುದು ಎಂಬುದನ್ನು ಮಾತ್ರ ಬಿಡಿಸಿ ಹೇಳಿ; ತೀರ್ಮಾನ ಅವಳದು.

ಮಾಜಿ ದೇವದಾಸಿಯರ ಮಾಸಾಶನ ಈ ಜಿಲ್ಲೆಯಲ್ಲಿ ನಿಮ್ಮ ಮುಂದೆ ಬಂದೇ ಬರುತ್ತದೆ. ಬಹುಕಾಲ ಅದಕ್ಕೆ ಆಧಾರವಾಗಿದ್ದುದು 1993-94 ಮತ್ತು 2007-08ರ ಸಮೀಕ್ಷೆಗಳ ಪಟ್ಟಿ. ಸಮೀಕ್ಷೆಯ ದಿನ ಕೆಲಸಕ್ಕೆ ಗುಳೆ ಹೋಗಿದ್ದವಳು, ನಾಚಿಕೆಯಿಂದ ಹೇಳದೆ ಉಳಿದವಳು ಆ ಪಟ್ಟಿಯ ಹೊರಗೆ. ಇದನ್ನು ನಾಲ್ಕು ಜನರ ನಡುವೆ ಕೇಳಬೇಡಿ.

ಕೊನೆಗೆ, ದಿನವೂ ಕಿವಿಗೆ ಬೀಳುವ ದೂರು: “ರೊಕ್ಕ ಬಿದ್ದಿಲ್ಲ.” ಕೂಡಲೇ ತಾಲ್ಲೂಕು ಕಚೇರಿಗೆ ಓಡಬೇಡಿ. ಆಧಾರ್ ಮೂಲಕ ಬರುವ ಹಣ ಪಾಸ್‌ಬುಕ್ ನೋಡಿ ಬರುವುದಿಲ್ಲ. ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಅಜ್ಜಿ ತಿಂಗಳುಗಟ್ಟಲೆ ಗ್ರಾಮೀಣ ಬ್ಯಾಂಕಿನ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಲೇ ಇರುತ್ತಾಳೆ.

“ಅವ್ವಾ, ಬ್ಯಾರೆ ಬ್ಯಾಂಕಿನ್ಯಾಗ ಖಾತೆ ಐತೇನು?”

“ಇಲ್ಲಪ್ಪ, ಇದೊಂದೇ.”

“ಸಾಲಕ್ಕಂತ, ಸಂಘಕ್ಕಂತ ಯಾರಾದ್ರೂ ಹೆಬ್ಬೆಟ್ಟು ಒತ್ತಿಸಿಕೊಂಡಿದ್ರಾ?”

“ಹೂಂ, ಸಂಘದ ಸಾಲಕ್ಕ ಒಂದು ಮಾಡಿಸಿದ್ರು. ಅದು ನಂದಲ್ಲ, ಸಂಘದ್ದು.”

ಹಣ ಅಲ್ಲಿರುತ್ತದೆ. ಪ್ರಶ್ನೆಯನ್ನು ತಿರುಗಿಸಿ ಕೇಳುವುದು ಈ ಕೆಲಸದಲ್ಲಿ ಅರ್ಧ ವಿದ್ಯೆ.

ಹೊಸ ಅರ್ಜಿಯಾದರೆ ಸಕಾಲದ ಜಿಎಸ್‌ಸಿ ಸಂಖ್ಯೆ ಇರುವ ಚೀಟಿ ಇಸಿದುಕೊಳ್ಳದೆ ಎದ್ದು ಬರಬೇಡಿ. 2011ರ ಸಕಾಲ ಕಾಯ್ದೆಯಡಿ ಬರುವ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ಮೀರದಂತೆ, ಅರ್ಜಿದಾರರಿಗೆ ಪರಿಹಾರವಿದೆ. ದೊಡ್ಡ ಮೊತ್ತವೇನಲ್ಲ, ಆದರೆ ‘ಸರ್ವರ್ ಇಲ್ಲ, ನಾಳೆ ಬರ್ರಿ’ ಎಂಬ ಮಾತಿಗೆ ತಾರೀಖು ಇರುವುದಿಲ್ಲ, ಚೀಟಿಯ ಮೇಲೆ ಇರುತ್ತದೆ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರವಣಿಗೆಯಲ್ಲೇ ಕೇಳಿ, ಅರ್ಜಿದಾರಳನ್ನು ಮುಂದೆ ಕೂರಿಸಿಕೊಂಡು ಅವಳಿಗೆ ಅರ್ಥವಾಗುವಂತೆ ಓದಿ ಹೇಳಿ. ಮೇಲ್ಮನವಿ ಬರೆಯುವುದು ಅದಾದ ಮೇಲೆ.